ದೂರದ ವಿಮಾನ ನಮ್ಮೂರಿಗೂ ಬರಲಿ, ಬಂದದ್ದು ನಿಲ್ಲಲಿ

ರಾತ್ರಿ ಮಂಗಳೂರಿನಿಂದ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ಸಿನ ಡಿಕ್ಕಿಯನ್ನು ಒಮ್ಮೆ ನೋಡಿ. ತರಕಾರಿ ಚೀಲ, ರಟ್ಟಿನ ಪೆಟ್ಟಿಗೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಎರಡು ದೊಡ್ಡ ಸೂಟ್‌ಕೇಸು ಇದ್ದೇ ಇರುತ್ತವೆ. ಅವು ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ, ಬೆಳಗಾಗುವಷ್ಟರಲ್ಲಿ ಬೆಂಗಳೂರು ಸೇರಿ, ಅಲ್ಲಿಂದ ಫ್ರಾಂಕ್‌ಫರ್ಟಿಗೋ ಲಂಡನ್ನಿಗೋ ಹೋಗಬೇಕು. ಮಗಳನ್ನು ಓದಲು ಕಳಿಸಿದ ತಾಯಿ ಕೆಂಪೇಗೌಡ ವಿಮಾನ ನಿಲ್ದಾಣದ ಬಾಗಿಲಲ್ಲಿ ಕೈಬೀಸಿ, ಮತ್ತೆ ಎಂಟು ಗಂಟೆ ಬಸ್ಸಿನಲ್ಲಿ ಕೂತು ಮನೆಗೆ ಮರಳುತ್ತಾಳೆ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಮನೆಗಳಲ್ಲೂ ಇದೇ ಕಥೆ.

ನಮ್ಮೂರಿಗೂ ದೂರದ ದೇಶದ ವಿಮಾನ ಬರಲಿ ಎಂಬ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಅದನ್ನು ಕೇಳುವ ರೀತಿ ಒಂದೇ: ಸಚಿವರಿಗೆ ಹಾರ ಹಾಕಿ ಮನವಿ ಪತ್ರ ಕೊಡುವುದು. ಮನವಿ ಪತ್ರ ಓದಿ ವಿಮಾನ ಕಳಿಸಿದ ಕಂಪನಿಯನ್ನು ನಾನು ಕಂಡಿಲ್ಲ. ಕೊಚ್ಚಿ, ಅಮೃತಸರ, ಇಂಗ್ಲೆಂಡಿನ ನ್ಯೂಕ್ಯಾಸಲ್, ಅಮೆರಿಕದ ಪಿಟ್ಸ್‌ಬರ್ಗ್ ಇವೆಲ್ಲ ದೊಡ್ಡ ನಗರಗಳ ನೆರಳಿನಲ್ಲಿ ಬೆಳೆದ ನಿಲ್ದಾಣಗಳು. ದೂರದ ವಿಮಾನವನ್ನು ಗೆದ್ದವು, ಕೆಲವು ಸಲ ಕಳೆದುಕೊಂಡವು. ಅವುಗಳ ಕಥೆಯಿಂದ ಹೆಕ್ಕಿದ ಸೂತ್ರಗಳು ಇಲ್ಲಿವೆ. ನಿಲ್ದಾಣದ ಅಧಿಕಾರಿಗಳಷ್ಟೇ ಅಲ್ಲ, ಊರಿನ ವರ್ತಕರು, ಕಾಲೇಜು ನಡೆಸುವವರು, ಟ್ರಾವೆಲ್ ಏಜೆಂಟರು, ಹೊರದೇಶದಲ್ಲಿರುವ ಊರ ಮಕ್ಕಳು ಎಲ್ಲರೂ ಓದಬೇಕು ಎಂಬುದು ನನ್ನ ಆಸೆ.

1. ಈಗ ಯಾರು ಯಾವ ದಾರಿಯಲ್ಲಿ ಹೋಗುತ್ತಿದ್ದಾರೆ, ಎಣಿಸಿ

ನಿಮ್ಮ ನಿಲ್ದಾಣದಲ್ಲಿ ವಿಮಾನ ಹತ್ತಿದವರ ಲೆಕ್ಕ ನಿಮ್ಮ ಬಳಿ ಇದೆ. ಹತ್ತದೆ ಹೋದವರ ಲೆಕ್ಕ? ಬಸ್ಸಿನಲ್ಲಿ ಬೆಂಗಳೂರಿಗೆ ಹೋದವರು, ರೈಲಿನಲ್ಲಿ ಮುಂಬೈಗೆ ಹೋದವರು, ಕಾರು ಮಾಡಿಕೊಂಡು ಗೋವಾಕ್ಕೋ ಕಣ್ಣೂರಿಗೋ ಹೋದವರು. ಇವರೇ ನಿಮ್ಮ ನಿಜವಾದ ಬಂಡವಾಳ.

ಟಿಕೆಟ್ ಮಾರಾಟದ ಅಂಕಿಗಳನ್ನು ಹಣ ಕೊಟ್ಟು ಕೊಳ್ಳಬಹುದು, ದೊಡ್ಡ ನಿಲ್ದಾಣಗಳೆಲ್ಲ ಕೊಳ್ಳುತ್ತವೆ. ಆದರೆ ಆ ಅಂಕಿಗೆ ಒಂದು ಕುರುಡು ಮೂಲೆ ಇದೆ. ಉಡುಪಿಯ ಹುಡುಗ ಬೆಂಗಳೂರಿನಿಂದ ಡಬ್ಲಿನ್‌ಗೆ ಟಿಕೆಟ್ ಮಾಡಿಸಿದರೆ ಅವನು ಬೆಂಗಳೂರಿನವನಾಗಿಯೇ ದಾಖಲಾಗುತ್ತಾನೆ. ಅವನನ್ನು ಹುಡುಕಲು ಊರೊಳಗೇ ತಿರುಗಬೇಕು: ವಿದೇಶ ವ್ಯಾಸಂಗದ ಸಲಹಾ ಕೇಂದ್ರಗಳು, ವೈದ್ಯಕೀಯ ಕಾಲೇಜುಗಳು, ನರ್ಸಿಂಗ್ ಕಾಲೇಜುಗಳು, ಹಳೆಯ ಟ್ರಾವೆಲ್ ಏಜೆಂಟರು, ಚರ್ಚು ಮಸೀದಿಗಳ ಸಮಿತಿಗಳು. ಒಂದು ವರ್ಷ, ತಿಂಗಳು ತಿಂಗಳೂ ಬರೆದಿಡಿ: ಎಷ್ಟು ಜನ, ಯಾವ ಊರಿಗೆ, ಯಾವ ತಿಂಗಳು, ಟಿಕೆಟ್ಟಿಗೆ ಎಷ್ಟು ಕೊಟ್ಟರು. ಈ ಪುಸ್ತಕ ಇಲ್ಲದೆ ಮುಂದಿನ ಯಾವ ಸೂತ್ರವೂ ನಡೆಯದು.

2. ಒಂದು ವಿಮಾನ ತುಂಬಲು ಎಷ್ಟು ಜನ ಬೇಕು, ಕೂಡಿಸಿ ನೋಡಿ

ಏರ್ ಇಂಡಿಯಾ ದೂರದ ಮಾರ್ಗಗಳಲ್ಲಿ ಓಡಿಸಿದ ಬೋಯಿಂಗ್ 787-8ರಲ್ಲಿ 256 ಸೀಟು. ವಾರಕ್ಕೆ ಮೂರು ಸಲ ಬಂದು ಹೋದರೆ ವರ್ಷಕ್ಕೆ ಹೋಗುವ ಕಡೆ 39,936 ಸೀಟು, ಬರುವ ಕಡೆಯೂ ಅಷ್ಟೇ, ಒಟ್ಟು 79,872. ನೂರರಲ್ಲಿ 80 ಸೀಟು ತುಂಬಬೇಕೆಂದರೆ ಸುಮಾರು 64,000 ಟಿಕೆಟು ಮಾರಬೇಕು. ದಿನಕ್ಕೆ ಹಂಚಿದರೆ ಒಂದೊಂದು ದಿಕ್ಕಿಗೆ ಸುಮಾರು 88 ಜನ. ಒಂದು ದಿನ ಹಬ್ಬಕ್ಕೆ ಬಂದ ಹಾಗೆ ಬಂದರೆ ಸಾಲದು. ಮಳೆಗಾಲದ ಮಂಗಳವಾರವೂ ಬರಬೇಕು.

ಈ ಲೆಕ್ಕ ಕಂಡು ಎದೆಗುಂದುವುದು ಬೇಡ. ನಿಮ್ಮ ಎಣಿಕೆ ದಿನಕ್ಕೆ 40 ಎಂದು ಹೇಳಿದರೆ ಅದೂ ಬೆಲೆಯುಳ್ಳ ಉತ್ತರವೇ. ಏಳನೇ ಸೂತ್ರಕ್ಕೆ ಹೋಗಿ.

3. ಮುಂದಿನ ಸಾಲಿನ ಸೀಟಿಗೆ ಗಿರಾಕಿ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದಿರಲಿ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರಾಲೀ-ಡರಮ್ ಎಂಬ ಮಧ್ಯಮ ಗಾತ್ರದ ನಿಲ್ದಾಣವಿದೆ. 1994ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಲ್ಲಿಂದ ಲಂಡನ್ನಿಗೆ ವಿಮಾನ ಶುರುಮಾಡಿತು. ಮರುವರ್ಷವೇ ಆ ಕಂಪನಿ ರಾಲೀಯಲ್ಲಿದ್ದ ತನ್ನ ಕೇಂದ್ರವನ್ನು ಮುಚ್ಚಿ ಹತ್ತಾರು ಮಾರ್ಗ ನಿಲ್ಲಿಸಿತು. ಲಂಡನ್ ವಿಮಾನ ಮಾತ್ರ ಉಳಿಯಿತು. ಕೋವಿಡ್ ಕಾಲದ ಬಿಡುವು ಕಳೆದರೆ ಇವತ್ತಿಗೂ ಹಾರುತ್ತಿದೆ. ಕಾರಣ ಒಂದು ಔಷಧ ಕಂಪನಿ. ಗ್ಲ್ಯಾಕ್ಸೊಗೆ ಲಂಡನ್ನಿನ ಬಳಿಯೂ ನೆಲೆ, ರಾಲೀಯ ಪಕ್ಕದ ಸಂಶೋಧನಾ ವಲಯದಲ್ಲೂ ನೆಲೆ. ಅದರ ವಿಜ್ಞಾನಿಗಳು, ಮ್ಯಾನೇಜರುಗಳು ವಾರ ವಾರ ಓಡಾಡುತ್ತಿದ್ದರು. ಬಿಸಿನೆಸ್ ಕ್ಲಾಸಿನ ಸೀಟುಗಳಿಗೆ ಆ ಕಂಪನಿಯ ಭರವಸೆ ಇತ್ತು.

ದೂರದ ವಿಮಾನದ ಗುಟ್ಟು ಅಲ್ಲಿದೆ. ಆ 256 ಸೀಟಿನ ವಿಮಾನದಲ್ಲಿ ಹಿಂದೆ ಕೂತ 238 ಜನ ವಿಮಾನ ತುಂಬಿಸುತ್ತಾರೆ. ಮುಂದೆ ಕೂತ 18 ಜನ ಅದು ಮುಂದಿನ ವರ್ಷವೂ ಬರುತ್ತದೋ ಇಲ್ಲವೋ ಎಂಬುದನ್ನು ಹೇಳುತ್ತಾರೆ. ರಜೆಗೆ ಹೋಗುವ ಕುಟುಂಬ ಅಗ್ಗದ ದಿನ ನೋಡಿ ಆರು ತಿಂಗಳ ಮೊದಲೇ ಟಿಕೆಟ್ ಕೊಳ್ಳುತ್ತದೆ. ನಾಳೆ ಬೆಳಿಗ್ಗೆ ಸಭೆಗೆ ಹೋಗಬೇಕಾದವರು ಬೆಲೆ ಕೇಳದೆ ಕೊಳ್ಳುತ್ತಾರೆ. ಬೆಂಗಳೂರು ಈ ಪಾಠವನ್ನು ಹಳೆಯ ಎಚ್‌ಎಎಲ್ ನಿಲ್ದಾಣದ ಕಾಲದಲ್ಲೇ ಕಲಿಯಿತು. ಲುಫ್ತಾನ್ಸಾ ಫ್ರಾಂಕ್‌ಫರ್ಟಿನಿಂದ ಅಲ್ಲಿಗೆ ಬಂದಾಗ ಬೆಂಗಳೂರಿಗೆ ಇಂದಿನ ಟರ್ಮಿನಲ್ ಇರಲಿಲ್ಲ, ಇಷ್ಟುದ್ದದ ಪ್ರಯಾಣಿಕರ ಸಾಲೂ ಇರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳಿದ್ದವು, ಬಾಷ್‌ನಂಥ ಜರ್ಮನ್ ಕಾರ್ಖಾನೆಗಳಿದ್ದವು, ಎರಡೂ ಕಡೆ ಕೆಲಸವಿದ್ದ ಜನರಿದ್ದರು.

ಆದ್ದರಿಂದ ನಿಮ್ಮ ಜಿಲ್ಲೆಯಲ್ಲಿ ಹೊರದೇಶದೊಂದಿಗೆ ವ್ಯವಹಾರವಿರುವ ಪ್ರತಿ ಕಾರ್ಖಾನೆ, ಆಸ್ಪತ್ರೆ, ಸಾಫ್ಟ್‌ವೇರ್ ಕಚೇರಿಯ ಬಾಗಿಲಿಗೆ ಹೋಗಿ. "ವಿಮಾನ ಬಂದರೆ ಚೆನ್ನಾಗಿರುತ್ತದೆ" ಎಂಬ ಪತ್ರ ಕೇಳಬೇಡಿ. ಅಂಥ ಪತ್ರ ಯಾರು ಬೇಕಾದರೂ ಕೊಡುತ್ತಾರೆ. "ವರ್ಷಕ್ಕೆ ಇಷ್ಟು ಟಿಕೆಟು ಕೊಳ್ಳುತ್ತೇವೆ" ಎಂದು ಸಹಿ ಹಾಕಿಸಿ. ಹತ್ತು ಸಹಿ ಸಿಕ್ಕರೆ ಸಾವಿರ ಜನರ ಮನವಿಗಿಂತ ಭಾರ.

4. ನೆಲ ಗಟ್ಟಿ ಇದೆಯೇ, ಮೊದಲು ಅಳೆಯಿರಿ

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಜ್ಪೆಯ ಗುಡ್ಡದ ನೆತ್ತಿಯಲ್ಲಿರುವ ದೊಡ್ಡ ರನ್‌ವೇಯ ಉದ್ದ 2,450 ಮೀಟರು. ಅದು ಸಿದ್ಧವಾದ ಮೇಲೆಯೇ 2006ರಲ್ಲಿ ದುಬೈಗೆ ಮೊದಲ ಅಂತಾರಾಷ್ಟ್ರೀಯ ವಿಮಾನ ಹಾರಿತು. 2010ರ ಮೇ 22ರ ಬೆಳಿಗ್ಗೆ ವಿಮಾನ ಅಪಘಾತದಲ್ಲಿ 158 ಜನರನ್ನು ಕಳೆದುಕೊಂಡ ಊರು ಇದು. ರನ್‌ವೇಯ ಕೊನೆಯ ಕೆಲವು ಮೀಟರುಗಳ ಬೆಲೆ ಏನೆಂದು ಇಲ್ಲಿನ ಮನೆಮನೆಗೂ ಗೊತ್ತು.

ಗಲ್ಫಿಗೆ ಹಾರುವ ಬೋಯಿಂಗ್ 737ರ ರೆಕ್ಕೆಯ ಅಗಲ ಸುಮಾರು 36 ಮೀಟರು. ಯುರೋಪಿಗೆ ಹಾರುವ 787ರದ್ದು 60 ಮೀಟರು. ರನ್‌ವೇ ಉದ್ದವಿದ್ದರಷ್ಟೇ ಸಾಲದು. ಟ್ಯಾಕ್ಸಿವೇಯ ತಿರುವು, ವಿಮಾನ ನಿಲ್ಲುವ ಜಾಗ, ಅಗ್ನಿಶಾಮಕ ದಳದ ದರ್ಜೆ, ರನ್‌ವೇಯ ಎರಡೂ ತುದಿಯ ಸುರಕ್ಷಾ ಪಟ್ಟಿ ಎಲ್ಲವೂ ಆ ಗಾತ್ರಕ್ಕೆ ಒಗ್ಗಬೇಕು. ಹತ್ತು ಗಂಟೆ ಹಾರಾಟಕ್ಕೆ ಇಂಧನ ತುಂಬಿದ ವಿಮಾನ ತುಂಬ ಭಾರ. ಕರಾವಳಿಯ ಬಿಸಿ ಗಾಳಿ ತೆಳು, ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆ, ಓಟ ಉದ್ದವಾಗುತ್ತದೆ. ರನ್‌ವೇ ಸಾಲದಿದ್ದರೆ ಸೀಟು ಖಾಲಿ ಬಿಟ್ಟೋ ಸರಕು ಇಳಿಸಿಯೋ ಹಾರಬೇಕು. ಹಾಗೆ ಹಾರಿ ಲಾಭ ಮಾಡಿದವರಿಲ್ಲ.

ಕೋಯಿಕ್ಕೋಡ್‌ನ ಅನುಭವವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅದೂ ಗುಡ್ಡದ ಮೇಲಿನ ನಿಲ್ದಾಣ, ರನ್‌ವೇ 2,860 ಮೀಟರು. ರನ್‌ವೇ ದುರಸ್ತಿಗಾಗಿ 2015ರ ಮೇ ತಿಂಗಳಲ್ಲಿ ದೊಡ್ಡ ವಿಮಾನಗಳನ್ನು ನಿಲ್ಲಿಸಿದರು. ಅವು ಮರಳಿದ್ದು 2018ರ ಡಿಸೆಂಬರಿನಲ್ಲಿ, ಅದೂ ಜನ ಬೀದಿಗಿಳಿದು ಹೋರಾಡಿದ ಮೇಲೆ. ಅಷ್ಟರಲ್ಲಿ ಹಜ್ ಯಾತ್ರೆಯ ವಿಮಾನಗಳು ಕೊಚ್ಚಿಗೆ ಹೋಗಿದ್ದವು. 2020ರ ಆಗಸ್ಟಿನಲ್ಲಿ ಅಲ್ಲಿ ವಿಮಾನ ಅಪಘಾತವಾದ ನಂತರ ದೊಡ್ಡ ವಿಮಾನಗಳಿಗೆ ಮತ್ತೆ ತಡೆ ಬಿತ್ತು. ದುರಸ್ತಿ ಮಾಡಲೇಬೇಕು, ಸುರಕ್ಷತೆಯಲ್ಲಿ ರಾಜಿ ಇಲ್ಲ. ಆದರೆ ದುರಸ್ತಿಯ ವೇಳಾಪಟ್ಟಿಯನ್ನು ಕಂಪನಿಯ ಜೊತೆ ಕೂತು ಎರಡು ವರ್ಷ ಮೊದಲೇ ಗೊತ್ತುಮಾಡಿ. ಒಮ್ಮೆ ಬೇರೆ ಊರಿನ ರುಚಿ ಹತ್ತಿದ ವಿಮಾನವನ್ನು ಮರಳಿ ಕರೆತರುವುದು ಹೊಸದನ್ನು ತರುವುದಕ್ಕಿಂತ ಕಷ್ಟ.

ಇದರ ಇನ್ನೊಂದು ಮಗ್ಗುಲು ಶಿವಮೊಗ್ಗ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಆ ನಿಲ್ದಾಣಕ್ಕೆ 3 ಕಿಲೋಮೀಟರಿಗಿಂತ ಉದ್ದದ ರನ್‌ವೇ ಇದೆ. ಪ್ರಯಾಣಿಕರ ಮೊದಲ ವಿಮಾನ ಇಳಿದದ್ದು ಆಗಸ್ಟ್ ಕೊನೆಯಲ್ಲಿ, ಬೆಂಗಳೂರಿನಿಂದ. ರನ್‌ವೇ ಇದ್ದಲ್ಲಿಗೆಲ್ಲ ವಿಮಾನ ಬರುವುದಿಲ್ಲ, ರನ್‌ವೇ ಇಲ್ಲದಲ್ಲಿಗೆ ಬರುವುದು ಸಾಧ್ಯವೇ ಇಲ್ಲ.

5. ದೆಹಲಿಯಲ್ಲಿ ಕೇಳಬೇಕಾದ್ದು ವಿಮಾನವನ್ನಲ್ಲ, ಹೆಸರನ್ನು

ಎರಡು ದೇಶಗಳ ನಡುವೆ ವಿಮಾನ ಹಾರಲು ಆ ಸರ್ಕಾರಗಳ ನಡುವೆ ಒಪ್ಪಂದ ಬೇಕು. ವಾರಕ್ಕೆ ಎಷ್ಟು ಸೀಟು, ಯಾವ ಊರುಗಳಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಪಟ್ಟಿಯಲ್ಲಿ ನಿಮ್ಮ ಊರಿನ ಹೆಸರಿಲ್ಲದಿದ್ದರೆ ವಿದೇಶಿ ಕಂಪನಿ ಮನಸ್ಸು ಮಾಡಿದರೂ ಬರಲಾರದು. ಇದರ ನೋವು ಉಂಡದ್ದು ಕಣ್ಣೂರು. 2018ರ ಡಿಸೆಂಬರ್ 9ರಂದು ತೆರೆದ ಆ ನಿಲ್ದಾಣಕ್ಕೆ 3,050 ಮೀಟರಿನ ರನ್‌ವೇ ಇದೆ, ಗಲ್ಫಿನಲ್ಲಿ ಊರಿನ ಅರ್ಧ ಜನ ಇದ್ದಾರೆ. ವಿದೇಶಿ ಕಂಪನಿಗಳು ಇಳಿಯಬಹುದಾದ ಊರುಗಳ ಪಟ್ಟಿಯಲ್ಲಿ ಹೆಸರು ಮಾತ್ರ ಸೇರಲಿಲ್ಲ. ಭಾರತದ ಕಂಪನಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಹಾರಾಟ ನಿಲ್ಲಿಸಿದಾಗ ಕಣ್ಣೂರಿಗೆ ಬಿದ್ದ ಪೆಟ್ಟು ದೊಡ್ಡದು.

ಪಟ್ಟಿಗೆ ಸೇರಿದರೂ ಸೀಟು ಉಳಿದಿರಬೇಕು. ದುಬೈ ಜೊತೆಗಿನ ಒಪ್ಪಂದದ ಮಿತಿ ಎರಡೂ ಕಡೆಗೆ ವಾರಕ್ಕೆ ಸುಮಾರು 66,000 ಸೀಟು, ಅದು ಎಂದೋ ತುಂಬಿಹೋಗಿದೆ. ಸಂಸದರನ್ನು ಕಾಣುವಾಗ "ನಮಗೆ ಲಂಡನ್ ವಿಮಾನ ಕೊಡಿ" ಎನ್ನುವ ಬದಲು, ಯಾವ ದೇಶದ ಒಪ್ಪಂದ ಮಾತುಕತೆಗೆ ಬರುತ್ತಿದೆ, ಅದರ ಪಟ್ಟಿಗೆ ನಮ್ಮೂರನ್ನು ಸೇರಿಸಲು ಏನು ಬೇಕು ಎಂದು ಕೇಳಿ. ಸಂಸದರು ಮಾಡಿಕೊಡಬಹುದಾದ ಕೆಲಸ ಅದು.

6. ಊರ ಮಕ್ಕಳು ಎಲ್ಲಿದ್ದಾರೋ ಅಲ್ಲಿಗೇ ದಾರಿ ಹಾಕಿ

ಅಮೃತಸರ ನನಗೆ ಬಹಳ ಇಷ್ಟವಾದ ಉದಾಹರಣೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತ ಪಂಜಾಬಿಗಳು ಎರಡು ಮೂರು ತಲೆಮಾರಿನಿಂದ ನೆಲೆಸಿದ್ದಾರೆ. ಭಾರತದ ವಿಮಾನ ಇಲ್ಲದ ವರ್ಷಗಳಲ್ಲಿ ಅವರನ್ನು ಊರಿಗೆ ತಂದದ್ದು ಯಾರು ಗೊತ್ತೇ? ತುರ್ಕ್‌ಮೆನಿಸ್ತಾನ್ ಏರ್‌ಲೈನ್ಸ್! ಬರ್ಮಿಂಗ್‌ಹ್ಯಾಮಿನಿಂದ ಅಶ್ಗಾಬಾದ್, ಅಲ್ಲಿಂದ ಅಮೃತಸರ. ಮಧ್ಯ ಏಷ್ಯಾದ ಮರುಭೂಮಿಯ ಒಂದು ಕಂಪನಿ ಪಂಜಾಬಿನ ಅಜ್ಜಿಯರನ್ನು ಹೊತ್ತು ತರುತ್ತಿತ್ತು. ಸುರಕ್ಷತೆಯ ಕಾರಣಕ್ಕೆ ಯುರೋಪ್ 2019ರ ಫೆಬ್ರುವರಿಯಲ್ಲಿ ಅದನ್ನು ತಡೆಯುವವರೆಗೂ ಜನ ಅದರಲ್ಲಿ ಓಡಾಡಿದರು. ಒಂದು ಮಾರ್ಗಕ್ಕೆ ಬೇಡಿಕೆ ಇದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? 2018ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ ಅಮೃತಸರದಿಂದ ಬರ್ಮಿಂಗ್‌ಹ್ಯಾಮಿಗೆ ನೇರ ವಿಮಾನ ಆರಂಭಿಸಿತು. ಇಟಲಿಯ ನಿಯೋಸ್ ಕಂಪನಿ ಮಿಲಾನ್‌ನಿಂದ ಬಂತು. ಪೋ ನದಿಯ ಬಯಲಿನ ಹೈನುಗಾರಿಕೆಯಲ್ಲಿ ಪಂಜಾಬಿಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ.

ಇದೆಲ್ಲದರ ಬೆನ್ನಿಗೆ ಫ್ಲೈ ಅಮೃತಸರ್ ಇನಿಶಿಯೇಟಿವ್ ಎಂಬ ನಾಗರಿಕರ ಕೂಟವಿದೆ. ಹೊರದೇಶದಲ್ಲಿರುವವರೂ ಊರಲ್ಲಿರುವವರೂ ಸೇರಿ ಅಂಕಿಅಂಶ ಕಲೆಹಾಕುತ್ತಾರೆ, ಕಂಪನಿಗಳಿಗೆ ಬರೆಯುತ್ತಾರೆ, ಹೊಸ ವಿಮಾನ ಬಂದರೆ ತಮ್ಮವರಿಗೆಲ್ಲ ತಿಳಿಸುತ್ತಾರೆ. 2019ರಲ್ಲಿ ಗುರುನಾನಕರ 550ನೇ ಜಯಂತಿಯ ಹೊತ್ತಿಗೆ ಅಮೃತಸರದಿಂದ ಲಂಡನ್ನಿನ ಸ್ಟಾನ್‌ಸ್ಟೆಡ್‌ಗೆ ಹೊರಟ ಏರ್ ಇಂಡಿಯಾ ವಿಮಾನದ ಬಾಲದ ಮೇಲೆ 'ಇಕ್ ಓಂಕಾರ್' ಚಿಹ್ನೆ ಇತ್ತು. ಆ ವಿಮಾನ ತಮ್ಮದು ಎಂದು ಜನರಿಗೆ ಅನ್ನಿಸಿತು.

ನಮ್ಮ ಹೊರನಾಡ ಕನ್ನಡ ಸಂಘಗಳು, ತುಳು ಕೂಟಗಳು, ಬ್ಯಾರಿ ಮತ್ತು ಕೊಂಕಣಿ ಸಂಘಟನೆಗಳು ದಸರಾ, ರಾಜ್ಯೋತ್ಸವವನ್ನು ಎಷ್ಟು ಅಚ್ಚುಕಟ್ಟಾಗಿ ನಡೆಸುತ್ತವೆ! ಅದೇ ಅಚ್ಚುಕಟ್ಟು ಈ ಎಣಿಕೆಗೂ ಬಂದರೆ ಅರ್ಧ ಕೆಲಸ ಆದಂತೆಯೇ. ಸದಸ್ಯತ್ವದ ಅರ್ಜಿಯಲ್ಲಿ ಎರಡು ಸಾಲು ಸೇರಿಸಿ: ವರ್ಷಕ್ಕೆ ಎಷ್ಟು ಸಲ ಊರಿಗೆ ಹೋಗುತ್ತೀರಿ, ಯಾವ ದಾರಿಯಲ್ಲಿ.

7. ನೇರ ವಿಮಾನವೇ ಬೇಕೆಂಬ ಹಠ ಬಿಡಿ

ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್ ಹಳೆಯ ಕಲ್ಲಿದ್ದಲಿನ, ಹಡಗು ಕಟ್ಟುವವರ ಊರು. ಅಲ್ಲಿಗೆ 2007ರ ಸೆಪ್ಟೆಂಬರ್ 1ರಿಂದ ಎಮಿರೇಟ್ಸ್ ದಿನವೂ ದುಬೈ ವಿಮಾನ ತಂದಿತು. ನ್ಯೂಕ್ಯಾಸಲ್‌ನಿಂದ ಸಿಡ್ನಿಗೆ ದಿನಕ್ಕೆ ಹತ್ತು ಜನ, ಬ್ಯಾಂಕಾಕಿಗೆ ಹದಿನೈದು, ಬೆಂಗಳೂರಿಗೆ ನಾಲ್ಕು ಎಂದಿಟ್ಟುಕೊಳ್ಳಿ. ಯಾವುದಕ್ಕೂ ಪ್ರತ್ಯೇಕ ವಿಮಾನ ಹಾಕಲಾಗದು. ಎಲ್ಲರನ್ನೂ ದುಬೈವರೆಗೆ ಒಟ್ಟಿಗೆ ಕೂರಿಸಿದರೆ ಒಂದು ದೊಡ್ಡ ವಿಮಾನ ತುಂಬುತ್ತದೆ. ಹನಿಗೂಡಿ ಹಳ್ಳ ಎನ್ನುವುದು ಇದಕ್ಕೇ. ಸಣ್ಣ ಏರ್‌ಬಸ್‌ನಿಂದ ಆರಂಭವಾದ ಆ ಮಾರ್ಗಕ್ಕೆ ಮುಂದೆ ದೊಡ್ಡ ಬೋಯಿಂಗ್ 777 ಬಂತು, ಕೋವಿಡ್‌ನಲ್ಲಿ ನಿಂತದ್ದು 2021ರಲ್ಲಿ ಮರಳಿತು.

ಅದೇ ನ್ಯೂಕ್ಯಾಸಲ್‌ಗೆ 2015ರಲ್ಲಿ ಯುನೈಟೆಡ್ ಕಂಪನಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕಿನಿಂದ ಬೇಸಿಗೆಯ ವಿಮಾನ ತಂದಿತು. ಎರಡೇ ಬೇಸಿಗೆ. 2017ರಲ್ಲಿ ಬರಲಿಲ್ಲ. ಊರು ಒಂದೇ, ಜನ ಅವರೇ. ಒಂದು ಮಾರ್ಗದ ಹಿಂದೆ ವರ್ಷವಿಡೀ ನೂರು ಊರಿನ ಪ್ರಯಾಣಿಕರಿದ್ದರು, ಇನ್ನೊಂದರ ಹಿಂದೆ ಬೇಸಿಗೆ ರಜೆ ಇತ್ತು.

8. ಇಪ್ಪತ್ತು ನಿಮಿಷಕ್ಕೆ ಸಿದ್ಧರಾಗಿ

ವಿಮಾನ ನಿಲ್ದಾಣಗಳೂ ಕಂಪನಿಗಳೂ ಮುಖಾಮುಖಿಯಾಗುವ 'ರೂಟ್ಸ್' ಎಂಬ ಸಮಾವೇಶ 1995ರಿಂದ ನಡೆಯುತ್ತಿದೆ. ಒಂದು ಭೇಟಿಗೆ ಸಿಗುವುದು ಇಪ್ಪತ್ತು ನಿಮಿಷ. ಊರಿನ ಇತಿಹಾಸ, ಸಮುದ್ರ ತೀರದ ಚಿತ್ರ, ಮುಖ್ಯಮಂತ್ರಿಗಳ ಸಂದೇಶಕ್ಕೆ ಅಲ್ಲಿ ಜಾಗವಿಲ್ಲ. ಒಂದೇ ಹಾಳೆ ಸಾಕು: ಎಷ್ಟು ಜನ, ಎಷ್ಟು ಹಣ, ಯಾವ ಕಂಪನಿಗಳ ಸಹಿ, ಯಾವ ದಿನ ಯಾವ ವೇಳೆ, ಮೊದಲ ವರ್ಷದ ನಷ್ಟವನ್ನು ಯಾರು ಹಂಚಿಕೊಳ್ಳುತ್ತಾರೆ. ಆಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಹೊಸ ಅಂಕಿ ಕಳಿಸುತ್ತಿರಿ. ಮೂರು ನಾಲ್ಕು ವರ್ಷ ಹಿಡಿದರೆ ಬೇಸರ ಪಡಬೇಡಿ.

9. ಹಣ ಕೊಡಿ, ಆದರೆ ಊರುಗೋಲಾಗಿ

ಹೊಸ ಮಾರ್ಗಕ್ಕೆ ಮೊದಲ ಒಂದೆರಡು ವರ್ಷ ನಷ್ಟ ಸಹಜ. ಅದನ್ನು ಹಂಚಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಕೊಚ್ಚಿ ನಿಲ್ದಾಣ ಯುರೋಪಿನ ನೇರ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕ ಬಿಟ್ಟುಕೊಟ್ಟಿತು. ಪಿಟ್ಸ್‌ಬರ್ಗಿನಲ್ಲಿ 2009ರಲ್ಲಿ ಡೆಲ್ಟಾ ಕಂಪನಿಯ ಪ್ಯಾರಿಸ್ ವಿಮಾನ ತರಲು ಆ ಭಾಗದ ಉದ್ಯಮಿಗಳ ಸಂಸ್ಥೆಯೂ ರಾಜ್ಯ ಸರ್ಕಾರವೂ ಸೇರಿ ಮೊದಲ ಎರಡು ವರ್ಷಕ್ಕೆ 90 ಲಕ್ಷ ಡಾಲರ್‌ವರೆಗೆ ಆದಾಯದ ಖಾತ್ರಿ ಕೊಟ್ಟವು. ಖಾತ್ರಿ ಎಂದರೆ ಆದಾಯ ಕಡಿಮೆಬಿದ್ದಷ್ಟನ್ನು ತುಂಬಿಕೊಡುವುದು. ಚೆನ್ನಾಗಿ ಓಡಿದರೆ ಕೊಡಬೇಕಾದ್ದು ಕಡಿಮೆ. ಖಾತ್ರಿಯ ಅವಧಿ ಮುಗಿದ ಮೇಲೂ ಆ ವಿಮಾನ 2018ರವರೆಗೆ ಬಂತು.

ಈಗ ಬೆಲ್‌ಫಾಸ್ಟ್ ನೋಡಿ. ಉತ್ತರ ಐರ್ಲೆಂಡಿನ ಆ ಊರಿಗೆ 2005ರಿಂದ ನ್ಯೂವಾರ್ಕ್ ವಿಮಾನ ಇತ್ತು. 2016ರಲ್ಲಿ ಯುನೈಟೆಡ್ ಕಂಪನಿ ಹೊರಡುವ ಮಾತಾಡಿತು. ಅಲ್ಲಿನ ಸರ್ಕಾರ ಮೂರು ವರ್ಷಕ್ಕೆ 90 ಲಕ್ಷ ಪೌಂಡ್ ಕೊಡಲು ಒಪ್ಪಿತು. ಇದು ಯುರೋಪಿಯನ್ ಒಕ್ಕೂಟದ ಸ್ಪರ್ಧಾ ನಿಯಮಕ್ಕೆ ವಿರುದ್ಧ ಎಂದು ಯುರೋಪಿಯನ್ ಆಯೋಗ ಹೇಳಿತು. ಹಣ ನಿಂತಿತು, 2017ರ ಜನವರಿಯಲ್ಲಿ ವಿಮಾನವೂ ನಿಂತಿತು. ಹನ್ನೊಂದು ವರ್ಷ ಓಡಿದ ಮಾರ್ಗ ಹಣವಿಲ್ಲದೆ ಒಂದು ಚಳಿಗಾಲ ದಾಟಲಿಲ್ಲ.

ನನ್ನ ನಿಲುವು ಹೀಗಿದೆ. ಹೊಸ ಮಾರ್ಗಕ್ಕೆ ಕೊಡಿ, ಹಳೆಯದನ್ನು ಹಿಡಿದಿಡಲು ಕೊಡಬೇಡಿ. ಗಡುವು ಎರಡು ವರ್ಷ ಮೀರದಿರಲಿ. ಪಾಲು ಊರಿನ ಉದ್ಯಮಿಗಳದ್ದೂ ಇರಲಿ, ಹಣ ಹಾಕಿದವರು ತಮ್ಮ ನೌಕರರನ್ನು ಅದೇ ವಿಮಾನ ಹತ್ತಿಸುತ್ತಾರೆ. ಯಾರಿಗೆ ಎಷ್ಟು ಕೊಟ್ಟಿರಿ ಎಂಬುದನ್ನು ಜನರ ಮುಂದಿಡಿ. ಅದು ತೆರಿಗೆಯ ಹಣ.

10. ವಿಮಾನದ ಹೊಟ್ಟೆಯನ್ನು ಮರೆಯಬೇಡಿ

ಪ್ರಯಾಣಿಕರ ಕಾಲಡಿಯಲ್ಲಿ ಸರಕಿನ ಕೋಣೆ ಇದೆ. ಬೋಯಿಂಗ್ 777ರಂಥ ವಿಮಾನ ಜನರ ಲಗೇಜಿನ ಜೊತೆಗೆ ಇಪ್ಪತ್ತು ಟನ್ನಿನಷ್ಟು ಸರಕು ಒಯ್ಯಬಲ್ಲದು. ನ್ಯೂಕ್ಯಾಸಲ್‌ನ ದುಬೈ ಮಾರ್ಗವನ್ನು ಕಾಯ್ದದ್ದರಲ್ಲಿ ಅಲ್ಲಿನ ಕಾರ್ಖಾನೆಗಳ ರಫ್ತಿನ ಪಾಲೂ ದೊಡ್ಡದು. ನಮ್ಮಲ್ಲಿ ಏನಿಲ್ಲ? ಕರಾವಳಿಯ ಮೀನು, ಬೆಳಗಾವಿಯ ತರಕಾರಿ, ಮಲ್ಲಿಗೆ, ಮಾವು. ಆದರೆ ಶೈತ್ಯಾಗಾರ, ರಫ್ತಿಗೆ ಬೇಕಾದ ಸಸ್ಯ ತಪಾಸಣೆಯ ಅಧಿಕಾರಿ, ರಾತ್ರಿಯೂ ಕೆಲಸ ಮಾಡುವ ಕಸ್ಟಮ್ಸ್ ಇಲ್ಲದಿದ್ದರೆ ಮೀನು ಲಾರಿ ಹತ್ತಿ ಬೇರೆ ಊರಿನ ವಿಮಾನಕ್ಕೇ ಹೋಗುತ್ತದೆ. ಪ್ರಯಾಣಿಕರ ಹಾಗೆಯೇ.

11. ದಿನ, ವೇಳೆ, ಇಳಿಯುವ ನಿಲ್ದಾಣ: ಇವುಗಳಿಗಾಗಿ ಜಗಳಾಡಿ

ಕೊಚ್ಚಿಯಿಂದ ಲಂಡನ್ನಿಗೆ ಏರ್ ಇಂಡಿಯಾ ವಿಮಾನ 2020ರ ಆಗಸ್ಟಿನಲ್ಲಿ ಬಂತು. ಇಳಿಯುತ್ತಿದ್ದುದು ಹೀಥ್ರೋದಲ್ಲಿ. 2023ರ ಮಾರ್ಚಿನಲ್ಲಿ ಅದನ್ನೂ ಅಮೃತಸರದ ವಿಮಾನವನ್ನೂ ಗ್ಯಾಟ್‌ವಿಕ್‌ಗೆ ತಿರುಗಿಸಿದರು. ಹೀಥ್ರೋದಲ್ಲಿ ಇಳಿಯುವ ವೇಳೆಗೆ ಚಿನ್ನದ ಬೆಲೆ, ಕಂಪನಿ ಅದನ್ನು ಹೆಚ್ಚು ಗಳಿಸುವ ಮಾರ್ಗಕ್ಕೆ ಕೊಡುತ್ತದೆ. ಟಿಕೆಟಿನ ಮೇಲೆ ಎರಡೂ ಲಂಡನ್ನೇ. ಆದರೆ ಅಮೆರಿಕಕ್ಕೋ ಯುರೋಪಿನ ಬೇರೆ ಊರಿಗೋ ಮುಂದಿನ ವಿಮಾನ ಹಿಡಿಯುವವರಿಗೆ ಹೀಥ್ರೋ ಕೊಡುವ ದಾರಿಗಳನ್ನು ಗ್ಯಾಟ್‌ವಿಕ್ ಕೊಡಲಾರದು.

ವಾರಕ್ಕೆ ಒಂದೇ ವಿಮಾನವಿದ್ದರೆ ವ್ಯಾಪಾರಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸಭೆ ಮುಗಿಸಿ ಆರು ದಿನ ಯಾರು ಕಾಯುತ್ತಾರೆ? ಮೂರಕ್ಕಿಂತ ಕಡಿಮೆಗೆ ಒಪ್ಪಬೇಡಿ. ಸಣ್ಣ ವಿಮಾನವಾದರೂ ಸರಿ, ಹೆಚ್ಚು ದಿನ ಬರಲಿ. ಟೆಕ್ಸಾಸಿನ ಆಸ್ಟಿನ್‌ಗೆ ಬ್ರಿಟಿಷ್ ಏರ್‌ವೇಸ್ 2014ರಲ್ಲಿ ಬಂದಾಗ ತನ್ನ ಸಣ್ಣ 787ರೊಂದಿಗೆ ವಾರಕ್ಕೆ ಐದು ದಿನ ಆರಂಭಿಸಿ, ಎರಡೇ ತಿಂಗಳಲ್ಲಿ ದಿನವೂ ಹಾರಿತು. ಆಮೇಲೆ 777, 747ರವರೆಗೆ ಬೆಳೆಯಿತು.

12. ಖಾಲಿ ತಿಂಗಳುಗಳಿಗೆ ಮೊದಲೇ ಯೋಚಿಸಿ

ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳು ಹೋಗುವ ವಿಮಾನ ತುಂಬಿರುತ್ತದೆ, ಬರುವ ವಿಮಾನ ಖಾಲಿ. ಡಿಸೆಂಬರಿನಲ್ಲಿ ಊರಿಗೆ ಬರುವವರ ನೂಕುನುಗ್ಗಲು, ಹೋಗುವವರಿಲ್ಲ. ಒಂದು ದಿಕ್ಕಿಗೆ ಮಾತ್ರ ತುಂಬುವ ಮಾರ್ಗ ಅರ್ಧ ಮಾರ್ಗ. ಇನ್ನೊಂದು ಅರ್ಧವನ್ನು ಆ ಕಡೆಯ ಜನರಿಂದ ತುಂಬಬೇಕು. ಆಯುರ್ವೇದಕ್ಕೆ, ಮೈಸೂರಿನ ಯೋಗಶಾಲೆಗಳಿಗೆ, ಹಂಪಿಗೆ, ಆಸ್ಪತ್ರೆಗಳಿಗೆ ಬರುವವರನ್ನು ಖಾಲಿ ತಿಂಗಳುಗಳಲ್ಲಿ ಕರೆತರುವ ಏರ್ಪಾಡು ಮಾರ್ಗ ಆರಂಭವಾಗುವ ಮೊದಲೇ ಆಗಬೇಕು. ಮೊದಲ ದಿನದ ನೀರಿನ ಕಮಾನಿನ ಸ್ವಾಗತಕ್ಕೆ ಖರ್ಚು ಮಾಡುವುದರ ಅರ್ಧವನ್ನು ಫೆಬ್ರುವರಿಗೆ ಎತ್ತಿಡಿ.

13. ಆಕಾಶವೂ ಮುಚ್ಚುತ್ತದೆ

ಯುನೈಟೆಡ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ವಿಮಾನ ಹಾರಿಸುವುದಾಗಿ 2020ರಲ್ಲೇ ಘೋಷಿಸಿತ್ತು. ಮುಂದೂಡುತ್ತಲೇ ಹೋಗಿ, ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಅದು ಕೈಬಿಟ್ಟುಹೋಯಿತು. ಏರ್ ಇಂಡಿಯಾಕ್ಕೆ ಆ ಆಕಾಶ ತೆರೆದಿತ್ತು. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ಕಂಪನಿಗಳಿಗೆ ಮುಚ್ಚಿತು. ಗಡಿಯ ಪಕ್ಕದಲ್ಲೇ ಇರುವ ಅಮೃತಸರದಿಂದ ಪಶ್ಚಿಮಕ್ಕೆ ಹೊರಟ ಭಾರತದ ವಿಮಾನ ಮೊದಲು ದಕ್ಷಿಣಕ್ಕೆ ತಿರುಗಿ, ಅರಬ್ಬೀ ಸಮುದ್ರದ ಮೇಲೆ ಸುತ್ತಿ ಹೋಗಬೇಕು. ಹೆಚ್ಚು ಸಮಯ, ಹೆಚ್ಚು ಇಂಧನ, ಹೆಚ್ಚು ಪೈಲಟ್‌ಗಳು.

ಕರಾವಳಿಯ ನಿಲ್ದಾಣಗಳಿಗೆ ಈ ಪೆಟ್ಟು ಕಡಿಮೆ, ದಾರಿ ಸಮುದ್ರದ ಮೇಲೇ ಇದೆ. ಕಂಪನಿಗಳ ಮುಂದೆ ಇದನ್ನು ಹೇಳಿಕೊಳ್ಳಿ. ನಿಮ್ಮ ಮಾರ್ಗದ ಕೆಳಗೆ ಯಾವ ಯಾವ ದೇಶಗಳಿವೆ, ಯಾವುದು ಮುಚ್ಚಿದರೆ ಎಷ್ಟು ಸುತ್ತು ಎಂಬ ನಕ್ಷೆ ಎಂಟನೇ ಸೂತ್ರದ ಆ ಒಂದೇ ಹಾಳೆಯ ಹಿಂಬದಿಯಲ್ಲಿರಲಿ.

14. ಅಗ್ಗದ ಟಿಕೆಟ್ಟಿಗೆ ಮರುಳಾಗಬೇಡಿ

ಐಸ್‌ಲ್ಯಾಂಡಿನ ಅಗ್ಗದ ಕಂಪನಿ ವಾವ್ ಏರ್ 2017ರಲ್ಲಿ ಪಿಟ್ಸ್‌ಬರ್ಗಿಗೆ ಬಂತು, 2019ರ ಮಾರ್ಚ್ 28ರಂದು ಕಂಪನಿಯೇ ಮುಚ್ಚಿತು. ನಾರ್ವೇಜಿಯನ್ ಕಂಪನಿ 2017ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೂವರ್ಟ್ ಎಂಬ ಸಣ್ಣ ನಿಲ್ದಾಣದಿಂದ ಸಣ್ಣ ವಿಮಾನಗಳಲ್ಲಿ ಐರ್ಲೆಂಡ್, ಸ್ಕಾಟ್ಲೆಂಡಿಗೆ ಹಾರಿ 2019ರಲ್ಲಿ ಬಿಟ್ಟುಹೋಯಿತು. ಕಂಪನಿ ನಿಮ್ಮನ್ನು ಪರೀಕ್ಷಿಸುವಷ್ಟೇ ನಿಷ್ಠುರವಾಗಿ ನೀವೂ ಅದರ ಲೆಕ್ಕಪತ್ರ ನೋಡಿ.

15. ನಿಂತ ಮೇಲೂ ಪುಸ್ತಕ ಮುಚ್ಚಬೇಡಿ

ಕೊಚ್ಚಿಯ ಲಂಡನ್ ವಿಮಾನ 2025ರ ಮಾರ್ಚ್ ಕೊನೆಯಲ್ಲಿ ನಿಂತಿತು. ಕೇರಳದ ನರ್ಸುಗಳು, ವಿದ್ಯಾರ್ಥಿಗಳು ವಿಮಾನ ತುಂಬುತ್ತಿದ್ದ ಮಾರ್ಗ ಅದು. ತುಂಬಿದ್ದರೂ ನಿಂತಿತು ಎಂಬುದನ್ನು ಮೂರನೇ ಸೂತ್ರದ ಪಕ್ಕದಲ್ಲಿಟ್ಟು ಓದಿ. ವಿಮಾನಗಳ ಕೊರತೆ ಇರುವಾಗ ಕಂಪನಿ ಇರುವ ಒಂದು ವಿಮಾನವನ್ನು ಹೆಚ್ಚು ಗಳಿಸುವ ಊರಿಗೇ ಕಳಿಸುತ್ತದೆ. ಕೊಚ್ಚಿ ಅಂದಿನಿಂದಲೇ ಮಾತುಕತೆಗೆ ಕೂತಿತು, ಸುಮ್ಮನಾಗಲಿಲ್ಲ.

ಪಿಟ್ಸ್‌ಬರ್ಗ್ ಇನ್ನೂ ದೀರ್ಘ ಕಾಲ ಕಾದಿತು. ಯುಎಸ್ ಏರ್‌ವೇಸ್ ತನ್ನ ದೊಡ್ಡ ಕೇಂದ್ರವನ್ನು 2004ರಲ್ಲಿ ಅಲ್ಲಿಂದ ಎತ್ತಿತು, ಟರ್ಮಿನಲ್ಲಿನ ಗೇಟುಗಳು ಸಾಲುಸಾಲಾಗಿ ಖಾಲಿ ಬಿದ್ದವು. ಬ್ರಿಟಿಷ್ ಏರ್‌ವೇಸ್ ಅದಕ್ಕೂ ಮೊದಲೇ, 1999ರಲ್ಲಿ ಹೊರಟುಹೋಗಿತ್ತು. ಆ ಊರು ಅಂಕಿ ಬರೆಯುವುದನ್ನು ಬಿಡಲಿಲ್ಲ. ಉಕ್ಕಿನ ಊರು ನಿಧಾನವಾಗಿ ಆಸ್ಪತ್ರೆಗಳ, ವಿಶ್ವವಿದ್ಯಾಲಯಗಳ, ರೋಬೋಟ್‌ಗಳ ಊರಾಯಿತು. 2019ರ ಏಪ್ರಿಲ್ 2ರಂದು, ಇಪ್ಪತ್ತು ವರ್ಷಗಳ ನಂತರ, ಬ್ರಿಟಿಷ್ ಏರ್‌ವೇಸ್‌ನ ಲಂಡನ್ ವಿಮಾನ ಮತ್ತೆ ಅಲ್ಲಿ ಇಳಿಯಿತು.

ಕಂಪನಿಯವರು ಮತ್ತೆ ಫೋನ್ ಮಾಡಿ ಕೇಳಿದ ದಿನ ಉತ್ತರ ಹುಡುಕಲು ಓಡಬಾರದು. ಮೊದಲ ಸೂತ್ರದ ಪುಸ್ತಕ ಮೇಜಿನ ಮೇಲೇ ಇರಲಿ, ಕೊನೆಯ ಪುಟದಲ್ಲಿ ಕಳೆದ ತಿಂಗಳ ಲೆಕ್ಕ ಇರಲಿ: ಎಷ್ಟು ಸೂಟ್‌ಕೇಸು ಶಿರಾಡಿ ಹತ್ತಿದವು, ಯಾವ ಊರಿಗೆ, ಟಿಕೆಟ್ಟಿಗೆ ಎಷ್ಟಾಯಿತು, ಬೀಳ್ಕೊಡಲು ಎಷ್ಟು ಜನ ಜೊತೆಗೆ ಹೋಗಿ ಮರಳಿದರು.